ಬಾನುಲಿ ಮರೆತ ಇಬ್ಬರು ಸಂಗೀತಗಾರರು

ಮುಂಜಾನೆಯ ಮೊದಲ ಪ್ರಸಾರಕ್ಕೆ ಮುನ್ನ ಆಕಾಶವಾಣಿಯಿಂದ ಹೊರಡುವ ಆ ಪುಟ್ಟ ಸ್ವರಗುಚ್ಛವನ್ನು ಕೇಳದೆ ಬೆಳೆದವರು ಒಂದು ಕಾಲದಲ್ಲಿ ವಿರಳ. ಹಿನ್ನೆಲೆಯಲ್ಲಿ ತಂಬೂರಿಯ ಶ್ರುತಿ, ಅದರ ಮೇಲೆ ತೇಲಿಬರುವ ಪಿಟೀಲು. ಹಾಲು ಕಾಯಿಸುವುದು, ಅಂಗಳ ಸಾರಿಸುವುದು, ಮೊದಲ ಬಸ್ಸಿಗೆ ಹೊರಡುವುದು ಇವಕ್ಕೆಲ್ಲ ಆ ರಾಗವೇ ಗಡಿಯಾರವಾಗಿದ್ದ ಮನೆಗಳು ನಾಡಿನಲ್ಲಿ ಸಾವಿರಾರು ಇದ್ದವು. ರಾಗಜ್ಞಾನವಿದ್ದವರು ಅದರಲ್ಲಿ ಶಿವರಂಜನಿಯ ಛಾಯೆಯನ್ನು ಗುರುತಿಸಿದರು. ಉಳಿದವರಿಗೆ ಅದು ಕೇವಲ ‘ರೇಡಿಯೊ ಸಂಗೀತ’. ಅದನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ಬೆಳಗಿನ ಗಾಳಿಯನ್ನು ಯಾರು ಬೀಸಿದರು ಎಂದು ಯಾರಾದರೂ ಕೇಳುವುದುಂಟೆ?

1936ರ ಆ ಸ್ವರಸಂಯೋಜನೆಯನ್ನು ಇಂದು ಸಾಮಾನ್ಯವಾಗಿ ವಾಲ್ಟರ್ ಕೌಫ್‌ಮನ್ ಎಂಬ ಯಹೂದಿ ಸಂಗೀತಗಾರನ ಹೆಸರಿಗೆ ಬರೆಯಲಾಗುತ್ತದೆ. ಪಿಟೀಲು ವಾದಕ ವಿ.ಜಿ. ಜೋಗ್, ಠಾಕೂರ್ ಬಲವಂತ ಸಿಂಗ್ ಮೊದಲಾದವರ ಹೆಸರುಗಳೂ ಆಗಾಗ ಕೇಳಿಬಂದಿವೆ. ದಿನವೂ ಕೋಟಿ ಕಿವಿಗಳಿಗೆ ಬೀಳುತ್ತಿದ್ದ ಸಂಗೀತದ ಕರ್ತೃವಿನ ವಿಚಾರದಲ್ಲೇ ಹೀಗೆ ಗೊಂದಲವಿದ್ದರೆ, ಆ ಕಾಲದ ರೇಡಿಯೊದಲ್ಲಿ ತೆರೆಮರೆಯಲ್ಲಿ ದುಡಿದ ಉಳಿದವರ ಗತಿ ಏನಾಗಿರಬಹುದೆಂದು ಬೇರೆ ಹೇಳಬೇಕಾಗಿಲ್ಲ.

ಅಂಥವರಲ್ಲಿ ಇನ್ನೊಬ್ಬ ಜಾನ್ ಫೌಲ್ಡ್ಸ್, ಮ್ಯಾಂಚೆಸ್ಟರಿನ ಇಂಗ್ಲಿಷಿನವ. 1937ರಿಂದ 1939ರವರೆಗೆ ಈ ಇಬ್ಬರೂ ಒಂದೇ ಸಂಸ್ಥೆಯಲ್ಲಿ ಹೆಚ್ಚುಕಡಿಮೆ ಒಂದೇ ಹುದ್ದೆಯಲ್ಲಿದ್ದರು. ಆಲ್ ಇಂಡಿಯಾ ರೇಡಿಯೊದ ಪಾಶ್ಚಾತ್ಯ ಸಂಗೀತ ವಿಭಾಗವನ್ನು ದೆಹಲಿಯಲ್ಲಿ ಫೌಲ್ಡ್ಸ್ ನೋಡಿಕೊಂಡರೆ, ಮುಂಬಯಿಯಲ್ಲಿ ಕೌಫ್‌ಮನ್. ವಯಸ್ಸಿನಲ್ಲಿ ಇಪ್ಪತ್ತಾರು ವರ್ಷಗಳ ಅಂತರ. ಒಬ್ಬ ಆಳುವ ದೇಶದ ಪ್ರಜೆ, ತಾನಾಗಿ ಬಯಸಿ ಬಂದವ. ಇನ್ನೊಬ್ಬ ತನ್ನ ನೆಲದಲ್ಲಿ ನಿಲ್ಲಲು ಜಾಗವಿಲ್ಲದೆ ಹಡಗು ಹತ್ತಿದವ. ಇಬ್ಬರಿಗೂ ಭಾರತದ ಸಂಗೀತ ಬದುಕಿನ ದಿಕ್ಕು ಬದಲಿಸಿತು. ಆದರೆ ಬದಲಿಸಿದ ಬಗೆ ಒಂದೇ ಅಲ್ಲ.

ಆಲ್ಬರ್ಟ್ ಹಾಲಿನಲ್ಲಿ ಕಬೀರ

ಫೌಲ್ಡ್ಸ್ ಹುಟ್ಟಿದ್ದು 1880ರ ನವೆಂಬರ್ 2ರಂದು, ಮ್ಯಾಂಚೆಸ್ಟರಿನ ಹಲ್ಮ್ ಎಂಬ ಬಡ ಬಡಾವಣೆಯಲ್ಲಿ. ತಂದೆ ಅಲ್ಲಿನ ಪ್ರಸಿದ್ಧ ಹಾಲೆ ವಾದ್ಯವೃಂದದಲ್ಲಿ ಬಸ್ಸೂನ್ ಎಂಬ ಊದುವ ವಾದ್ಯ ನುಡಿಸುತ್ತಿದ್ದವ. ಮಗ ಹದಿಮೂರರ ಎಳವೆಯಲ್ಲೇ ಮನೆ ಬಿಟ್ಟು ನಾಟಕಶಾಲೆಗಳ ವಾದ್ಯಮೇಳಗಳಲ್ಲಿ ದುಡಿದ. 1900ರಲ್ಲಿ ಅದೇ ಹಾಲೆ ವೃಂದಕ್ಕೆ ಚೆಲ್ಲೊ ವಾದಕನಾಗಿ ಸೇರಿದ. ಕಾಲೇಜಿನ ಸಂಗೀತ ಶಿಕ್ಷಣ ಆತನಿಗೆ ದಕ್ಕಲಿಲ್ಲ. ವಾದ್ಯವೃಂದದ ಕುರ್ಚಿಯೇ ಪಾಠಶಾಲೆ.

ಹೊಟ್ಟೆಪಾಡಿಗೆ ಬರೆದ ಹಗುರ ಸಂಗೀತ ಆತನಿಗೆ ಹೆಸರು ತಂದಿತು. 1911ರ ‘ಕೆಲ್ಟಿಕ್ ಸೂಟ್’ನ ಒಂದು ಭಾಗವಾದ ‘ಕೆಲ್ಟಿಕ್ ಲಮೆಂಟ್’ ಇಂಗ್ಲೆಂಡಿನ ಮೂಲೆಮೂಲೆಯಲ್ಲೂ ಕೇಳಿಬಂತು. ಅದೇ ಮುಂದೆ ಕೊರಳಿಗೆ ಉರುಳಾಯಿತು. ಗಂಭೀರ ಕೃತಿಗಳನ್ನು ಹೊತ್ತು ಹೋದಲ್ಲೆಲ್ಲ, ‘ಆ ಹಗುರ ಸಂಗೀತದವನಲ್ಲವೇ?’ ಎಂಬ ಮಾತು. 1930ರ ದಶಕದ ಮೊದಲಲ್ಲಿ ಬಿಬಿಸಿಯ ಸಂಗೀತ ಮುಖ್ಯಸ್ಥ ಏಡ್ರಿಯನ್ ಬೋಲ್ಟ್‌ಗೆ ಪತ್ರ ಬರೆದು, ನನ್ನ ಸಣ್ಣಪುಟ್ಟ ತುಣುಕುಗಳನ್ನು ದಿನಬೆಳಗಾದರೆ ಬಿತ್ತರಿಸುತ್ತೀರಿ, ದೊಡ್ಡ ಕೃತಿಗಳನ್ನು ಮುಟ್ಟುವುದಿಲ್ಲ ಎಂದು ಫೌಲ್ಡ್ಸ್ ನೊಂದು ದೂರಬೇಕಾಯಿತು.

ಆ ದೊಡ್ಡ ಕೃತಿಗಳಲ್ಲಿ ಒಂದರ ಕಥೆಯನ್ನಂತೂ ಹೇಳಲೇಬೇಕು. ಮೊದಲ ಮಹಾಯುದ್ಧದಲ್ಲಿ ಮಡಿದವರೆಲ್ಲರ ನೆನಪಿಗೆ, ಗೆದ್ದವರು ಸೋತವರು ಎಂಬ ಭೇದವಿಲ್ಲದೆ, 1919ರಿಂದ 1921ರವರೆಗೆ ಆತ ‘ವರ್ಲ್ಡ್ ರಿಕ್ವಿಯಂ’ ಎಂಬ ಶಾಂತಿಗೀತವನ್ನು ಬರೆದ. ಬೈಬಲ್ಲಿನ ವಾಕ್ಯಗಳ ಜತೆಗೆ ಜಾನ್ ಬನ್ಯನ್ ಇದ್ದಾನೆ, ನಮ್ಮ ಕಬೀರನೂ ಇದ್ದಾನೆ. 1923ರ ನವೆಂಬರ್ 11ರಂದು, ಕದನವಿರಾಮದ ವಾರ್ಷಿಕ ದಿನ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸಾವಿರಕ್ಕೂ ಹೆಚ್ಚು ಗಾಯಕ, ವಾದಕರು ಅದನ್ನು ಪ್ರಸ್ತುತಪಡಿಸಿದರು. ಮಕ್ಕಳನ್ನು, ಗಂಡಂದಿರನ್ನು ಕಳೆದುಕೊಂಡವರು ಸಭಾಂಗಣ ತುಂಬಿದ್ದರು. ಜನ ಮೆಚ್ಚಿದರು, ವಿಮರ್ಶಕರು ಮೂಗು ಮುರಿದರು. ಪ್ರತಿ ವರ್ಷ ನಡೆಯಬೇಕಾಗಿದ್ದ ಈ ಕಾರ್ಯಕ್ರಮ 1926ಕ್ಕೆ ನಿಂತೇಹೋಯಿತು. ಮರುವರ್ಷ ಅದೇ ಸಭಾಂಗಣದಲ್ಲಿ ಮಾಜಿ ಸೈನಿಕರು ಯುದ್ಧಕಾಲದ ಹಾಡುಗಳನ್ನು ಹಾಡುವ ಸ್ಮರಣೋತ್ಸವ ಶುರುವಾಯಿತು. ಶತ್ರುವಿನ ಸತ್ತ ಮಗನಿಗೂ ಕಣ್ಣೀರು ಹಾಕುವ ಸಂಗೀತಕ್ಕಿಂತ, ತಮ್ಮವರ ಪಡೆಹಾಡು ನೆನಪಿಗೆ ಸುಲಭವೆನಿಸಿರಬೇಕು. ಆ ಪೆಟ್ಟಿನಿಂದ ಫೌಲ್ಡ್ಸ್ ಚೇತರಿಸಿಕೊಳ್ಳಲೇ ಇಲ್ಲ ಎಂದರೂ ನಡೆಯುತ್ತದೆ. 1927ರಲ್ಲಿ ಪ್ಯಾರಿಸ್ಸಿಗೆ ಹೋಗಿ, ಮೂಕಿಚಿತ್ರಗಳ ಮುಂದೆ ಕತ್ತಲಲ್ಲಿ ಪಿಯಾನೊ ನುಡಿಸಿ ಸಂಸಾರ ಸಾಗಿಸಿದ.

ಮಾಡ್ ಮೆಕಾರ್ಥಿಯ ಶ್ರುತಿಗಳು

ಕಬೀರ ಆತನಿಗೆ ಎಲ್ಲಿಂದ ಸಿಕ್ಕಿದ? ಉತ್ತರ: ಹೆಂಡತಿಯಿಂದ. ಐರ್ಲೆಂಡಿನಲ್ಲಿ ಹುಟ್ಟಿದ ಮಾಡ್ ಮೆಕಾರ್ಥಿ ಬಾಲಪ್ರತಿಭೆ, ಪಿಟೀಲಿನಲ್ಲಿ ದೊಡ್ಡ ಹೆಸರು ಮಾಡಬೇಕಾಗಿದ್ದವಳು. ಕೈಯ ನರದ ಬೇನೆ ಆ ದಾರಿಯನ್ನು ಮುಚ್ಚಿತು. ಥಿಯಾಸಫಿಯ ಸೆಳೆತದಲ್ಲಿ ಆನಿ ಬೆಸೆಂಟರೊಡನೆ ಭಾರತಕ್ಕೆ ಬಂದ ಈಕೆ ಇಲ್ಲಿನ ಸಂಗೀತವನ್ನು ಕುತೂಹಲಕ್ಕಲ್ಲದೆ ಕಲಿಯುವುದಕ್ಕಾಗಿ ಕೇಳಿದಳು. ಇಂಗ್ಲೆಂಡಿಗೆ ಮರಳಿ ಉಪನ್ಯಾಸ ಮಾಡುವಾಗ ಇಪ್ಪತ್ತೆರಡು ಶ್ರುತಿಗಳನ್ನು ಹಾಡಿಯೇ ತೋರಿಸುತ್ತಿದ್ದಳೆಂಬ ಖ್ಯಾತಿ ಆಕೆಗಿತ್ತು. 1915ರಲ್ಲಿ ಫೌಲ್ಡ್ಸ್ ಈಕೆಯನ್ನು ಭೇಟಿಯಾದ. ಸ್ವರಗಳ ನಡುವಿನ ಸೂಕ್ಷ್ಮ ಅಂತರಗಳ ಹುಚ್ಚು ಆತನಿಗೆ ಮೊದಲೇ ಇತ್ತು. ಈಗ ಅದಕ್ಕೆ ಶಾಸ್ತ್ರದ ಆಸರೆ ದೊರೆಯಿತು.

ನಮ್ಮ ಓದುಗರಿಗೆ ವಿಶೇಷವಾಗಿ ರುಚಿಸಬಹುದಾದ ಸಂಗತಿ ಇಲ್ಲಿದೆ. ಫೌಲ್ಡ್ಸ್ ತನ್ನ ‘ಎಸ್ಸೇಸ್ ಇನ್ ದ ಮೋಡ್ಸ್’ ಎಂಬ ಪಿಯಾನೊ ಕೃತಿಗಳಿಗೆ ಕರ್ನಾಟಕ ಸಂಗೀತದ ಮೇಳಕರ್ತ ಪದ್ಧತಿಯಿಂದ ಪ್ರೇರಣೆ ಪಡೆದ. ಎಪ್ಪತ್ತೆರಡು ಮೇಳಗಳ ಆ ಗಣಿತವನ್ನು ಹದಿನೇಳನೆಯ ಶತಮಾನದಲ್ಲಿ ತಂಜಾವೂರಿನಲ್ಲಿ ಕಟ್ಟಿದವನು ವೆಂಕಟಮಖಿ, ಕನ್ನಡ ಮೂಲದ ಮಂತ್ರಿ ಗೋವಿಂದ ದೀಕ್ಷಿತನ ಮಗ. ಒಂದು ಮೇಳವನ್ನು ಆರಿಸಿಕೊಂಡರೆ ಅದರ ಏಳು ಸ್ವರಗಳನ್ನು ಬಿಟ್ಟು ಹೊರಗೆ ಕಾಲಿಡಬಾರದು ಎಂಬ ಕಟ್ಟುಪಾಡನ್ನು ಫೌಲ್ಡ್ಸ್ ಹಾಕಿಕೊಂಡ. ಹನ್ನೆರಡು ಸ್ವರಗಳಲ್ಲೂ ಮನಬಂದಂತೆ ಓಡಾಡುವ ಸ್ವಾತಂತ್ರ್ಯವಿದ್ದ ಯುರೋಪಿನ ಸಂಗೀತಗಾರನಿಗೆ ಇದು ಕೈಕಾಲು ಕಟ್ಟಿಕೊಂಡು ಈಜಿದಂತೆ. ಆತ ಮುಳುಗಲಿಲ್ಲ. ‘ತ್ರೀ ಮಂತ್ರಾಸ್’ ಎಂಬ ವಾದ್ಯವೃಂದ ಕೃತಿ, ‘ಅವತಾರ’ ಎಂಬ ಅರ್ಧಕ್ಕೆ ಕೈಬಿಟ್ಟ ಸಂಸ್ಕೃತ ವಸ್ತುವಿನ ಸಂಗೀತನಾಟಕದಿಂದ ಉಳಿದು ಬಂದದ್ದು. ಇಂದು ಅದನ್ನು ಕೇಳಿದರೆ, ಭಾರತಕ್ಕೆ ಕಾಲಿಡುವ ಮೊದಲೇ ಮನುಷ್ಯ ಇಲ್ಲಿಗೆ ಅರ್ಧ ಬಂದುಬಿಟ್ಟಿದ್ದ ಎನಿಸುತ್ತದೆ.

1935ರಲ್ಲಿ ಫೌಲ್ಡ್ಸ್, ಮಾಡ್, ಇಬ್ಬರು ಮಕ್ಕಳು ಹಡಗು ಹತ್ತಿದರು. ಜತೆಗೆ ಬಂದವನು ಲಂಡನ್ನಿನ ಒಬ್ಬ ಕಾರ್ಮಿಕ ಯುವಕ. ಆತ ಮೈಮರೆತ ಸ್ಥಿತಿಯಲ್ಲಿ ಋಷಿಗಳ ವಾಣಿಯನ್ನು ನುಡಿಯುತ್ತಾನೆಂದು ಮಾಡ್ ನಂಬಿದ್ದಳು. ಭಾರತ ಪ್ರಯಾಣಕ್ಕೂ ಆ ವಾಣಿಯೇ ಪ್ರೇರಣೆ. ಥಿಯಾಸಫಿಯ ಯುಗದಲ್ಲಿ ಇಂಥ ಪರಿವಾರಗಳು ಅಪರೂಪವೇನಲ್ಲ.

ವೀಸಾ ಸುಲಭವಾಗಿ ಸಿಕ್ಕ ದೇಶ

ಕೌಫ್‌ಮನ್‌ನ ಬರವಿನಲ್ಲಿ ಋಷಿವಾಣಿ ಏನೂ ಇರಲಿಲ್ಲ. ವೀಸಾ ಸುಲಭವಾಗಿ ಸಿಕ್ಕಿತು, ಅಷ್ಟೆ.

ಆತ ಹುಟ್ಟಿದ್ದು 1907ರ ಏಪ್ರಿಲ್ 1ರಂದು, ಬೊಹೀಮಿಯಾದ ಕಾರ್ಲ್ಸ್‌ಬಾದ್ ಎಂಬ ಬಿಸಿನೀರಿನ ಬುಗ್ಗೆಗಳ ಊರಿನಲ್ಲಿ. ಅದು ಈಗ ಚೆಕ್ ಗಣರಾಜ್ಯದ ಕಾರ್ಲೋವಿ ವಾರಿ. ಬರ್ಲಿನ್ನಿನಲ್ಲಿ ಫ್ರಾಂಜ್ ಶ್ರೇಕರ್ ಬಳಿ ಸಂಯೋಜನೆಯನ್ನೂ, ವಾದ್ಯಗಳ ಇತಿಹಾಸಕ್ಕೆ ಹೆಸರಾದ ಕರ್ಟ್ ಸಾಕ್ಸ್ ಬಳಿ ಸಂಗೀತಶಾಸ್ತ್ರವನ್ನೂ ಕಲಿತ. ಫೌಲ್ಡ್ಸ್‌ಗೆ ದಕ್ಕದೆ ಹೋದ ವಿದ್ಯಾಭ್ಯಾಸವೆಲ್ಲ ಈತನಿಗೆ ದಕ್ಕಿತ್ತು. ಪ್ರಾಗ್‌ನ ಜರ್ಮನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪ್ರಬಂಧವೂ ಸಿದ್ಧವಾಗಿತ್ತು. ಆದರೆ ತನ್ನ ಪ್ರಾಧ್ಯಾಪಕ ಗುಸ್ತಾವ್ ಬೆಕಿಂಗ್ ಸ್ಥಳೀಯ ನಾಜಿ ಯುವಕ ಸಂಘದ ಮುಂದಾಳು ಎಂದು ತಿಳಿದಾಗ, ಆ ಪದವಿಯೇ ಬೇಡವೆಂದು ನಿರಾಕರಿಸಿದ. ಇಪ್ಪತ್ತಾರು ಇಪ್ಪತ್ತೇಳರ ಯುವಕ ತೆಗೆದುಕೊಂಡ ಈ ನಿರ್ಧಾರ ಆತನ ಸ್ವಭಾವಕ್ಕೆ ಕನ್ನಡಿ. ಹೆಚ್ಚು ಮಾತಿಲ್ಲ, ಆದರೆ ಬಾಗುವುದೂ ಇಲ್ಲ.

1934ರ ಆರಂಭದಲ್ಲಿ ಆತ ಮುಂಬಯಿಯಲ್ಲಿ ಇಳಿದ. ಕೆಲಕಾಲ ಇದ್ದು ಮರಳುವ ಎಣಿಕೆ. ಮೊದಲು ಕೇಳಿದ ಭಾರತೀಯ ಸಂಗೀತದ ಧ್ವನಿಮುದ್ರಿಕೆಗಳು ಆತನಿಗೆ ಒಂದಿಷ್ಟೂ ಅರ್ಥವಾಗಲಿಲ್ಲವಂತೆ. ಬೇರೆಯವರಾದರೆ ಅಲ್ಲಿಗೇ ಬಿಡುತ್ತಿದ್ದರು. ಹೃದಯವೂ ಬುದ್ಧಿಯೂ ಇರುವ ಜನ ಕಟ್ಟಿದ ಸಂಗೀತ ತನಗೆ ತಿಳಿಯದಿದ್ದರೆ ತಪ್ಪು ತನ್ನದೇ ಎಂದು ಕೌಫ್‌ಮನ್ ತರ್ಕಿಸಿ, ತಿಳಿಯುವವರೆಗೆ ಇದೇ ನೆಲದಲ್ಲಿ ಕಲಿಯಲು ನಿರ್ಧರಿಸಿದ. ಆ ಕಲಿಕೆ ಹನ್ನೆರಡು ವರ್ಷ ನಡೆಯಿತು.

ಬಂದ ಕೆಲವೇ ತಿಂಗಳಲ್ಲಿ ಆತ ‘ಬಾಂಬೆ ಚೇಂಬರ್ ಮ್ಯೂಸಿಕ್ ಸೊಸೈಟಿ’ ಕಟ್ಟಿದ. ಗುರುವಾರಗಳಂದು ವಿಲಿಂಗ್ಡನ್ ಜಿಮ್‌ಖಾನದಲ್ಲಿ ಕಛೇರಿ. ಪಿಟೀಲಿಗೆ ಪಾರ್ಸಿ ಯುವಕ ಮೆಹಲಿ ಮೆಹ್ತಾ, ಮುಂದೆ ಜಗತ್ಪ್ರಸಿದ್ಧ ವೃಂದನಾಯಕನಾದ ಜುಬಿನ್ ಮೆಹ್ತಾನ ತಂದೆ. ಚೆಲ್ಲೊಗೆ ಇಟಲಿಯ ಎಡಿಜಿಯೊ ವೆರ್ಗಾ. ಮೋಹನ್ ಭವನಾನಿಯ ಚಿತ್ರಗಳಿಗೂ ಕೌಫ್‌ಮನ್ ಸಂಗೀತ ಒದಗಿಸಿದ. ಬರ್ಲಿನ್ನಿನ ಸಾಹಿತ್ಯ ಪತ್ರಿಕೆಯೊಂದರ ಸಂಪಾದಕನಾಗಿದ್ದ ಗೆಳೆಯ ವಿಲ್ಲಿ ಹಾಸ್ ಯುರೋಪಿನಿಂದ ಪಾರಾಗಿ ಬಂದಾಗ ಅದೇ ಭವನಾನಿಗೆ ಚಿತ್ರಕಥೆ ಬರೆದುಕೊಟ್ಟ. ಹಿಂದಿ ಚಿತ್ರರಂಗದ ಆ ದಶಕದ ಇತಿಹಾಸದಲ್ಲಿ ಪ್ರಾಗ್, ಬರ್ಲಿನ್, ಮ್ಯೂನಿಕ್‌ಗಳಿಂದ ಬಂದವರ ಪಾಲು ಎಷ್ಟೆಂಬುದು ಈಚಿನ ವರ್ಷಗಳಲ್ಲಷ್ಟೇ ಬೆಳಕಿಗೆ ಬರುತ್ತಿದೆ.

ಕೌಫ್‌ಮನ್‌ನ ಮೊದಲ ಹೆಂಡತಿ ಗೆರ್ಟಿ, ಸಾಹಿತಿ ಫ್ರಾಂಜ್ ಕಾಫ್ಕಾನ ತಂಗಿ ಎಲ್ಲಿಯ ಮಗಳು. ಕಾಫ್ಕಾನ ಮೂವರು ತಂಗಿಯರೂ ನಾಜಿಗಳ ಕೈಯಲ್ಲಿ ಸತ್ತರು. ಮುಂಬಯಿಯ ಗುರುವಾರದ ಕಛೇರಿಗಳಲ್ಲಿ ಬೀಥೋವನ್ ನುಡಿಯುತ್ತಿದ್ದ ವರ್ಷಗಳಲ್ಲಿ ಹಿಂದೆ ಬಿಟ್ಟು ಬಂದ ಮನೆಗಳು ಒಂದೊಂದಾಗಿ ಖಾಲಿಯಾಗುತ್ತಿದ್ದವು. ಮರಳಿ ಹೋಗುವ ಮಾತು ಅಲ್ಲಿಗೆ ಮುಗಿಯಿತು.

ರೇಡಿಯೊ ಕಾಲಿಟ್ಟ ಬಗೆ

ಭಾರತದ ಸರ್ಕಾರಿ ಪ್ರಸಾರ ಸಂಸ್ಥೆಗೆ ಆಗಿನ್ನೂ ಎಳೆಯ ವಯಸ್ಸು. 1935ರಲ್ಲಿ ಬಿಬಿಸಿಯಿಂದ ಬಂದ ಲಯೊನೆಲ್ ಫೀಲ್ಡನ್ ಅದರ ಮೊದಲ ಕಂಟ್ರೋಲರ್. ‘ಇಂಡಿಯನ್ ಸ್ಟೇಟ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್’ ಎಂಬ ಬಾಯಿಗೊಗ್ಗದ ಹೆಸರು 1936ರ ಜೂನ್ 8ರಂದು ‘ಆಲ್ ಇಂಡಿಯಾ ರೇಡಿಯೊ’ ಆಯಿತು. ವೈಸರಾಯ್ ಲಿನ್‌ಲಿತ್‌ಗೊ ಬಾಯಿಂದಲೇ ಆ ಹೆಸರು ಬರುವಂತೆ ಉಪಾಯ ಮಾಡಿದ ಕಥೆಯನ್ನು ಫೀಲ್ಡನ್ ಮುಂದೆ ಹೇಳಿಕೊಂಡಿದ್ದಾನೆ. ಅದೇ ವೇಳೆಗೆ ದೇಶೀ ಸಂಸ್ಥಾನವಾದ ಮೈಸೂರಿನಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ಪುಟ್ಟ ಬಾನುಲಿ ಕೇಂದ್ರ ತೆರೆದಿದ್ದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಯದು. ಸ್ವಾತಂತ್ರ್ಯಾನಂತರ ಇಡೀ ದೇಶದ ರೇಡಿಯೊ ಅದನ್ನು ಎರವಲು ಪಡೆಯಿತು. ಅಂದರೆ ನಮಗೆ ಪರಿಚಿತವಾದ ಬೆಳಗಿನ ಆ ಅನುಭವದಲ್ಲಿ ಹೆಸರು ಮೈಸೂರಿನದು, ರಾಗ ಕಾರ್ಲ್ಸ್‌ಬಾದಿನವನದು.

ಫೌಲ್ಡ್ಸ್ ದೆಹಲಿಯಲ್ಲಿ ಕೈ ಹಾಕಿದ್ದು ದೊಡ್ಡ ಕೆಲಸಕ್ಕೆ. ‘ಆರ್ಫಿಯಸ್ ಅಬ್ರಾಡ್’ ಎಂಬ ಹೆಸರಿನ ಉಪನ್ಯಾಸ ಮಾಲೆಯನ್ನು 1937ರಲ್ಲಿ ಬಿತ್ತರಿಸಿ, ಪೂರ್ವ ಪಶ್ಚಿಮಗಳ ಸಂಗೀತವನ್ನು ಅಕ್ಕಪಕ್ಕದಲ್ಲಿಟ್ಟು ಶ್ರೋತೃಗಳಿಗೆ ವಿವರಿಸಿದ. ಅಷ್ಟಕ್ಕೆ ತೃಪ್ತನಾಗದೆ ಭಾರತೀಯ ವಾದ್ಯಗಳನ್ನೇ ಕೂಡಿಸಿ ಒಂದು ‘ಇಂಡೊ–ಯುರೋಪಿಯನ್’ ವಾದ್ಯವೃಂದ ಕಟ್ಟಿದ. ಗುರುಮುಖದಿಂದ ಕಲಿತು ಮನೋಧರ್ಮದಿಂದ ನುಡಿಸುತ್ತಿದ್ದ ವಾದಕರಿಗೆ ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಓದುವುದನ್ನು ಕಲಿಸಿದ. ಅವರಿಗಾಗಿಯೇ ಹೊಸ ಕೃತಿಗಳನ್ನು ಬರೆದ. ಪಾಶ್ಚಾತ್ಯ ವಾದ್ಯಗಳನ್ನೂ ಇವರನ್ನೂ ಒಂದೇ ವೇದಿಕೆಯಲ್ಲಿ ಕೂರಿಸುವ ‘ಪೂರ್ವ–ಪಶ್ಚಿಮ ಸಿಂಫನಿ’ ಆತನ ಕನಸಿನ ಶಿಖರ.

ಹಾರ್ಮೋನಿಯಂ ಮೇಲೆ ದಂಡಯಾತ್ರೆ

ಇದೇ ಫೌಲ್ಡ್ಸ್ ಹಾರ್ಮೋನಿಯಂ ಮೇಲೆ ಸಾರಿದ ಸಮರ ಭಾರತೀಯ ಸಂಗೀತದ ಇತಿಹಾಸದಲ್ಲಿ ಆತನ ಅತ್ಯಂತ ದೀರ್ಘಕಾಲದ ಗುರುತು. ರೇಡಿಯೊದ ಪತ್ರಿಕೆ ‘ದಿ ಇಂಡಿಯನ್ ಲಿಸನರ್’ನಲ್ಲಿ 1938ರಲ್ಲಿ ಲೇಖನ ಬರೆದು, ಈ ಪೆಟ್ಟಿಗೆ ಭಾರತೀಯ ಸಂಗೀತಕ್ಕೆ ಹಾನಿಕರ ಎಂದು ವಾದಿಸಿದ. ವಾದದಲ್ಲಿ ಸತ್ವವಿಲ್ಲದಿಲ್ಲ. ಹಾರ್ಮೋನಿಯಂನಲ್ಲಿ ಒಂದು ಸ್ಥಾಯಿಗೆ ಹನ್ನೆರಡೇ ಮನೆಗಳು. ಆ ಮನೆಗಳ ಶ್ರುತಿಯೂ ಯುರೋಪಿನ ಅನುಕೂಲಕ್ಕೆ ಸಮನಾಗಿ ಹಂಚಿದ್ದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಇಲ್ಲ, ಗಮಕವಂತೂ ದೂರವೇ. ದರ್ಬಾರಿ ಕಾನಡದ ಓಲಾಡುವ ಗಾಂಧಾರವನ್ನು ಆ ಬಿಳಿ ಕರಿ ಪಟ್ಟಿಗಳಲ್ಲಿ ಯಾವ ಬೆರಳು ಹುಡುಕೀತು? ರವೀಂದ್ರನಾಥ ಠಾಕೂರರಿಗೂ ಆ ವಾದ್ಯ ಹಿಡಿಸುತ್ತಿರಲಿಲ್ಲ. 1940ರ ಮಾರ್ಚ್ 1ರಿಂದ ಫೀಲ್ಡನ್ ಹಾರ್ಮೋನಿಯಂ ಅನ್ನು ರೇಡಿಯೊದಿಂದ ಬಹಿಷ್ಕರಿಸಿದ. ಆಳುವವರು ಬದಲಾದರೂ ಬಹಿಷ್ಕಾರ ಬದಲಾಗಲಿಲ್ಲ. 1971ರಲ್ಲಷ್ಟೇ ಅದು ಭಾಗಶಃ ಸಡಿಲಗೊಂಡಿತು.

ಮೂರು ದಶಕಗಳೆಂದರೆ ಒಂದು ತಲೆಮಾರು. ನಮ್ಮ ಧಾರವಾಡ, ಹುಬ್ಬಳ್ಳಿ, ಬೆಳಗಾವಿಯ ಕಡೆ ಹಿಂದೂಸ್ತಾನಿ ಗಾಯಕರಿಗೆ ಹಾರ್ಮೋನಿಯಂ ಸಾಥ್ ಅನ್ನ ನೀರಿನಷ್ಟು ಸಹಜ. ಬೆಳಗಾವಿಯ ರಾಂಭಾವು ವಿಜಾಪುರೆ ಅಂಥವರ ಕೈಯಲ್ಲಿ ಅದು ಗಾಯಕನ ನೆರಳಿನಂತೆ ನಡೆಯುತ್ತಿತ್ತು. ಕಂಪನಿ ನಾಟಕಗಳಲ್ಲಂತೂ ರಂಗದ ಮುಂದೆ ಕುಳಿತ ಕಾಲು ಹಾರ್ಮೋನಿಯಂ ಮಾಸ್ತರನೇ ನಾಟಕದ ಉಸಿರು. ಹಳ್ಳಿಯ ಭಜನೆಗೂ ಅದೇ. ಜನ ಅದನ್ನು ಯಾವಾಗಲೋ ತಮ್ಮದಾಗಿಸಿಕೊಂಡಿದ್ದರು. ಅದು ನಿಮ್ಮದಲ್ಲ ಎಂದು ಹೇಳಲು ಇಂಗ್ಲೆಂಡಿನಿಂದ ಒಬ್ಬ ಬರಬೇಕಾಯಿತು. ಪಿಟೀಲೂ ಯುರೋಪಿನದೇ. ಅದನ್ನು ದಕ್ಷಿಣದವರು ನೆಲದ ಮೇಲೆ ಕುಳಿತು, ಎದೆಗೂ ಹಿಮ್ಮಡಿಗೂ ನಡುವೆ ಆನಿಸಿ, ಗಮಕಕ್ಕೆ ಪಳಗಿಸಿದಾಗ ಯಾರೂ ಆಕ್ಷೇಪಿಸಲಿಲ್ಲ. ಹಾರ್ಮೋನಿಯಂ ವಾದಕರೂ ತಮ್ಮ ದಾರಿಯಲ್ಲಿ ಅದೇ ಪಳಗಿಸುವ ಕೆಲಸದಲ್ಲಿದ್ದರು.

ಇಷ್ಟಕ್ಕೂ ಫೌಲ್ಡ್ಸ್‌ನ ನಿಲುವಿನಲ್ಲೇ ಒಂದು ವಿರೋಧಾಭಾಸವಿದೆ. ಗಮಕ ಹಾಳಾಗುತ್ತದೆಂದು ಹಾರ್ಮೋನಿಯಂ ಅನ್ನು ಹೊರಗಟ್ಟಬೇಕೆಂದವನು, ಅದೇ ವಾದಕರ ಮುಂದೆ ಐದು ಗೆರೆಯ ಸ್ವರಲಿಪಿಯನ್ನು ಹರಡಿದ. ಆ ಲಿಪಿಯಲ್ಲಿ ಗಮಕಕ್ಕೆ ಇರುವ ಜಾಗ ಹಾರ್ಮೋನಿಯಂನಲ್ಲಿ ಇರುವುದಕ್ಕಿಂತ ಹೆಚ್ಚೇನಲ್ಲ. ಪ್ರೀತಿ ನಿಜ, ಆದರೆ ಪ್ರೀತಿಸಿದ್ದನ್ನು ತಿದ್ದದೆ ಬಿಡಲಾರದ ಪ್ರೀತಿ. ಹೀಗಿದ್ದರೂ ಬೀಜ ಬರಡಾಗಲಿಲ್ಲ. ರವಿಶಂಕರರ ನೇತೃತ್ವದಲ್ಲಿ 1952ರಲ್ಲಿ ದೆಹಲಿ ಆಕಾಶವಾಣಿಯ ‘ವಾದ್ಯವೃಂದ’ ಹುಟ್ಟಿದಾಗ, ಅದೇ ಸಂಸ್ಥೆಯಲ್ಲಿ ಹದಿನೈದು ವರ್ಷ ಹಿಂದೆ ಇಂಥದೇ ಪ್ರಯೋಗ ನಡೆದಿತ್ತೆಂಬುದನ್ನು ನೆನೆದವರು ಕಡಿಮೆ.

ಕೇಳಿ ಬರೆದುಕೊಂಡವ

ಕೌಫ್‌ಮನ್‌ನದು ತಿದ್ದುವ ಸ್ವಭಾವವಲ್ಲ. 1937ರಿಂದ 1946ರವರೆಗೆ ಮುಂಬಯಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತು ದುಡಿಯುತ್ತಲೇ ಆತ ಬಿಡುವಿನಲ್ಲಿ ಕೇಳಿದ, ಪ್ರಶ್ನಿಸಿದ, ಬರೆದುಕೊಂಡ. ಉಸ್ತಾದರಷ್ಟೇ ಆತನಿಗೆ ಗುರುಗಳಲ್ಲ. ಮಧ್ಯ ಭಾರತದ ಗೊಂಡ, ಬೈಗಾ ಬುಡಕಟ್ಟುಗಳ ಹಾಡುಗಳನ್ನು ಕುರಿತು ಆತ 1941ರಲ್ಲೇ ಅಮೆರಿಕದ ಸಂಗೀತ ಪತ್ರಿಕೆಯೊಂದರಲ್ಲಿ ಲೇಖನ ಪ್ರಕಟಿಸಿದ. ಶಾಸ್ತ್ರೀಯ ಸಂಗೀತದ ವಿದ್ವಾಂಸರೇ ಆ ಹಾಡುಗಳತ್ತ ತಿರುಗಿ ನೋಡದಿದ್ದ ಕಾಲ ಅದು. ಆತನ ಸ್ವಂತ ರಚನೆಗಳಲ್ಲೂ ಈ ಕೇಳ್ಮೆ ಇಳಿಯಿತು. ಮುಂಬಯಿಯ ವರ್ಷಗಳ ಸೊನಾಟಾಗಳಲ್ಲಿ, ತಂತಿವಾದ್ಯಗಳ ಚತುಷ್ಟಯಗಳಲ್ಲಿ ರಾಗದ ನಡಿಗೆ ಸದ್ದಿಲ್ಲದೆ ಸೇರಿಕೊಂಡಿದೆ. ಇಲ್ಲಿ ರಾಗವಿದೆ ನೋಡಿ ಎಂದು ಬೆರಳು ಮಾಡಿ ತೋರಿಸುವ ಚಪಲ ಅವುಗಳಲ್ಲಿಲ್ಲ. ಬೆಳಗಿನ ಆ ರಾಗದ ತುಣುಕಿನ ಗುಣವೂ ಇದೇ. ಅದು ವಿದೇಶೀಯನ ಕೈಯದೆಂದು ಒಂದು ತಲೆಮಾರಿನ ಶ್ರೋತೃಗಳಿಗೆ ಅನುಮಾನವೇ ಬರಲಿಲ್ಲ.

ಈ ಇಬ್ಬರ ಬದುಕು ಕವಲೊಡೆದದ್ದು 1939ರಲ್ಲಿ. ಫೌಲ್ಡ್ಸ್‌ನನ್ನು ಕಲ್ಕತ್ತಾ ನಿಲಯಕ್ಕೆ ಕಳಿಸಲಾಯಿತು. ಊರು ಸೇರಿ ಕೆಲವೇ ದಿನಗಳಲ್ಲಿ ಕಾಲರಾ ತಗುಲಿ, ಏಪ್ರಿಲ್ 25ರಂದು ಆತ ತೀರಿಕೊಂಡ. ವಯಸ್ಸು ಐವತ್ತೆಂಟು. ದೇಹ ಕಲ್ಕತ್ತಾದಲ್ಲೇ ಮಣ್ಣಾಯಿತು. ನಾಲ್ಕು ತಿಂಗಳಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. ಮೊದಲ ಯುದ್ಧದ ಸತ್ತವರಿಗೆಲ್ಲ ಶಾಂತಿಗೀತ ಬರೆದವನ ಸಾವನ್ನು ಗಮನಿಸುವ ಪುರುಸೊತ್ತು ಲಂಡನ್ನಿಗೆ ಎಲ್ಲಿತ್ತು? ಮಾಡ್ ಮೆಕಾರ್ಥಿ ಭಾರತದಲ್ಲೇ ಉಳಿದು, ಸನ್ಯಾಸ ಸ್ವೀಕರಿಸಿ ಸ್ವಾಮಿ ಓಮಾನಂದ ಪುರಿ ಆದಳು. ಕೊನೆಗೆ ಬ್ರಿಟನ್ನಿಗೆ ಮರಳಿ 1967ರಲ್ಲಿ ತೀರಿಕೊಂಡಳು. ಗಂಡನ ಸಂಗೀತಕ್ಕೆ ಭಾರತವನ್ನು ತಂದುಕೊಟ್ಟವಳು ಈಕೆ. ಈಕೆಯ ಹೆಸರು ಮಾತ್ರ ಆತನಿಗಿಂತಲೂ ಮಸುಕು.

ಕೌಫ್‌ಮನ್ 1946ರಲ್ಲಿ ಭಾರತ ಬಿಟ್ಟ. ಲಂಡನ್, ಕೆನಡಾದ ಹ್ಯಾಲಿಫ್ಯಾಕ್ಸ್, ಆಮೇಲೆ 1948ರಿಂದ ಹತ್ತು ವರ್ಷ ವಿನಿಪೆಗ್ ಸಿಂಫನಿಯ ನಾಯಕತ್ವ. ಅಲ್ಲಿನ ಪಿಯಾನೊ ವಾದಕಿ ಫ್ರೀಡಾ ಟ್ರೆಪೆಲ್ ಆತನ ಎರಡನೆಯ ಪತ್ನಿ. ಕೊನೆಗೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಬೇಡವೆಂದ ಡಾಕ್ಟರೇಟ್ ಅಲ್ಲಿ ಅಡ್ಡ ಬರಲಿಲ್ಲ. ಮುಂಬಯಿಯಲ್ಲಿ ಶುರುವಾದ ಟಿಪ್ಪಣಿಗಳು ಅಲ್ಲಿ ಗ್ರಂಥಗಳಾದವು. ಉತ್ತರ ಭಾರತದ ರಾಗಗಳ ಪುಸ್ತಕ 1968ರಲ್ಲಿ, ದಕ್ಷಿಣದ ರಾಗಗಳದು 1976ರಲ್ಲಿ ಬಂತು. ಎರಡನೆಯದು ಮೇಳ, ಜನ್ಯಗಳ ಸ್ವರಸಂಪತ್ತಿನ ಬೃಹತ್ ಪಟ್ಟಿ. ಫೌಲ್ಡ್ಸ್ ಸಂಗೀತ ಸೃಷ್ಟಿಗೆ ಬಳಸಿಕೊಂಡ ವೆಂಕಟಮಖಿಯ ಅದೇ ಚೌಕಟ್ಟು ಇಲ್ಲಿ ವಿದ್ವತ್ತಿನ ವಸ್ತು. ರಾಗ ಎಂದರೆ ಆರೋಹಣ ಅವರೋಹಣವಷ್ಟೇ ಅಲ್ಲವೆಂದು ನಮ್ಮ ಸಂಗೀತ ವಿದ್ವಾಂಸರು ಆ ಪಟ್ಟಿಯ ಬಗ್ಗೆ ಗೊಣಗಬಹುದು, ಗೊಣಗಾಟ ನ್ಯಾಯವೂ ಹೌದು. ಆದರೆ ಒಂದು ಕಾಲಕ್ಕೆ ಒಂದು ಸ್ವರವೂ ಅರ್ಥವಾಗದೆ ಧ್ವನಿಮುದ್ರಿಕೆಯ ಮುಂದೆ ಕುಳಿತಿದ್ದವನು ಮಾಡಿದ ಕೆಲಸ ಅದು ಎಂಬುದನ್ನು ಮರೆಯಬಾರದು. 1984ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡಾಗ ಜಗತ್ತು ನೆನೆದದ್ದು ಪಂಡಿತನನ್ನು. ಸಂಗೀತ ಬರೆದ ಕೌಫ್‌ಮನ್ ವಿಶ್ವವಿದ್ಯಾಲಯದ ಗ್ರಂಥಾಲಯದ ಪೆಟ್ಟಿಗೆಗಳಲ್ಲಿದ್ದ.

ಪೆಟ್ಟಿಗೆಗಳಿಂದ ಹೊರಗೆ

ಪೆಟ್ಟಿಗೆಗಳ ವಿಚಾರದಲ್ಲಿ ಫೌಲ್ಡ್ಸ್ ಇನ್ನೂ ದುರದೃಷ್ಟವಂತ. ಮಾಲ್ಕಮ್ ಮೆಕ್‌ಡೊನಾಲ್ಡ್ ಎಂಬ ಸಂಗೀತ ವಿಮರ್ಶಕ 1970ರ ದಶಕದಲ್ಲಿ ಆತನ ಜಾಡು ಹಿಡಿದು ಇಂಗ್ಲೆಂಡಿನಲ್ಲಿದ್ದ ಮಗಳನ್ನು ಹುಡುಕಿಕೊಂಡು ಹೋದ. ಮನೆಯ ಗ್ಯಾರೇಜಿನಲ್ಲಿ ತಂದೆಯ ಹಸ್ತಪ್ರತಿಗಳು ಸಿಕ್ಕವು. ಭಾರತದಲ್ಲಿದ್ದಾಗಲೇ ಇಲಿ, ಇರುವೆಗಳು ಅವುಗಳಲ್ಲಿ ತಮ್ಮ ಪಾಲು ಪಡೆದಿದ್ದವು. ಸಿಕ್ಕಷ್ಟನ್ನು ಜೋಡಿಸಿ ಆತ 1975ರಲ್ಲಿ ಪುಸ್ತಕ ಬರೆದ. ಫಿನ್ಲೆಂಡಿನ ಸಕಾರಿ ಒರಾಮೊ ಬರ್ಮಿಂಗ್‌ಹ್ಯಾಮ್ ವಾದ್ಯವೃಂದದಿಂದ ‘ತ್ರೀ ಮಂತ್ರಾಸ್’ ಮೊದಲಾದವನ್ನು ಧ್ವನಿಮುದ್ರಿಸಿ 2004ರಲ್ಲಿ ಹೊರತಂದ. 2007ರ ನವೆಂಬರ್ 11ರಂದು ‘ವರ್ಲ್ಡ್ ರಿಕ್ವಿಯಂ’ ಎಂಬತ್ತೊಂದು ವರ್ಷಗಳ ಮೌನದ ನಂತರ ಅದೇ ಆಲ್ಬರ್ಟ್ ಹಾಲಿನಲ್ಲಿ ಕೇಳಿಸಿತು. ಕಬೀರನೂ ಮರಳಿದ. ಕೌಫ್‌ಮನ್‌ನ ಸರದಿ ಬಂದದ್ದು 2020ರಲ್ಲಿ. ದೇಶಭ್ರಷ್ಟ ಸಂಗೀತಗಾರರ ಕೃತಿಗಳನ್ನು ಹುಡುಕಿ ನುಡಿಸುವ ಟೊರಾಂಟೊದ ಎಆರ್‌ಸಿ ಎನ್‌ಸೆಂಬಲ್ ಆತನ ಚತುಷ್ಟಯ, ಸೊನಾಟಾಗಳ ಮುದ್ರಿಕೆಯನ್ನು ತಂದಿತು.

ಇಂಗ್ಲೆಂಡಿಗೆ ಬರುವ ಮೊದಲು ಫೌಲ್ಡ್ಸ್‌ನ ಕಾಗದಗಳಲ್ಲಿ ಎಷ್ಟು ಎಲ್ಲೆಲ್ಲಿ ಉದುರಿಹೋದವೋ. ದೆಹಲಿಯ ವಾದಕರಿಗೆಂದು ಬರೆದವುಗಳಲ್ಲಿ ಹೆಚ್ಚಿನವು ಕಾಣೆಯಾಗಿವೆ. ‘ಪೂರ್ವ–ಪಶ್ಚಿಮ ಸಿಂಫನಿ’ಯ ಸ್ವರಲಿಪಿಯೂ ಅವುಗಳಲ್ಲಿ ಸೇರಿದೆ.